ಬಂದೂಕಿನ ರುಜು: ಒಂದು ದಫ್ತರ ಮುಚ್ಚಿದ ಕಥೆ

ಸರಕಾರಗಳು ದಫ್ತರ ತೆರೆಯುವುದನ್ನು ನಾವು ಬಹಳ ಕಂಡಿದ್ದೇವೆ. ತೆರೆದ ದಫ್ತರವನ್ನು ತಾವಾಗಿಯೇ ಮುಚ್ಚಿದ್ದನ್ನು ಕಂಡದ್ದು ಕಡಿಮೆ. 2015ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯ ಅಂಥ ಒಂದು ದಫ್ತರವನ್ನು ಕಾನೂನು ಮಾಡಿ ಮುಚ್ಚಿತು. ಆ ರಾಜ್ಯದಲ್ಲಿ ಮಾರಾಟವಾಗುವ ಪ್ರತಿಯೊಂದು ಹೊಸ ಕೈಬಂದೂಕಿನಿಂದ ಒಂದು ಗುಂಡು ಹಾರಿಸಿ, ಅದರ ಖಾಲಿ ತೋಟೆಯನ್ನು ಲಕೋಟೆಯಲ್ಲಿ ಮೊಹರು ಮಾಡಿ ಪೊಲೀಸರಿಗೆ ಒಪ್ಪಿಸಬೇಕೆಂಬುದು 2000ದ ಕಾನೂನಾಗಿತ್ತು. ಪೊಲೀಸರು ಆ ತೋಟೆಯ ಮೇಲಿನ ಗುರುತುಗಳ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಇಡುವರು. ಮುಂದೆಂದಾದರೂ ಕೊಲೆ ನಡೆದ ಸ್ಥಳದಲ್ಲಿ ತೋಟೆ ಸಿಕ್ಕರೆ ಎರಡನ್ನೂ ಹೋಲಿಸಿ, ಬಂದೂಕು ಯಾವುದು, ಕೊಂಡವರು ಯಾರು ಎಂದು ಹಿಡಿಯಬಹುದು. ಆಲೋಚನೆ ಚೆನ್ನಾಗಿಯೇ ಇತ್ತು. ಹದಿನೈದು ವರ್ಷ ನಡೆಯಿತು. ಮೂರು ಲಕ್ಷಕ್ಕೂ ಹೆಚ್ಚು ತೋಟೆಗಳು ಜಮೆಯಾದವು. ಸುಮಾರು ಐವತ್ತು ಲಕ್ಷ ಡಾಲರ್ ಖರ್ಚಾಯಿತು. ಕಡೆಗೆ ಆ ಕಾನೂನನ್ನು ರದ್ದು ಮಾಡಿದರು.

ರದ್ದತಿ ಜಾರಿಗೆ ಬಂದದ್ದು 2015ರ ಅಕ್ಟೋಬರ್ 1ರಂದು. ಅದಕ್ಕೆ ಒಂದು ತಿಂಗಳ ಹಿಂದೆ, ಆಗಸ್ಟ್ 30ರ ಭಾನುವಾರ ಬೆಳಿಗ್ಗೆ, ಧಾರವಾಡದ ಕಲ್ಯಾಣನಗರದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರ ಮನೆ ಬಾಗಿಲು ತಟ್ಟಿದ ಸದ್ದಾಯಿತು. ಬಾಗಿಲಿಗೆ ಬಂದ ಎಪ್ಪತ್ತಾರು ವರ್ಷದ ಸಂಶೋಧಕರ ಮೇಲೆ ಗುಂಡು ಹಾರಿತು. ಎರಡು ಘಟನೆಗಳಿಗೂ ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಧಾರವಾಡದ ಆ ಮನೆಯಲ್ಲಿ ಸಿಕ್ಕ ಗುಂಡು ಮತ್ತು ತೋಟೆಗಳು ಆಮೇಲೆ ಏನು ಹೇಳಿದವು, ಮೇರಿಲ್ಯಾಂಡಿನ ಮೂರು ಲಕ್ಷ ತೋಟೆಗಳು ಏನನ್ನು ಹೇಳಲಾರದೆ ಹೋದವು ಎಂಬುದನ್ನು ಒಟ್ಟಿಗೆ ಇಟ್ಟು ನೋಡುವ ಅಗತ್ಯ ಇದೆ ಎಂದು ನಮಗೆ ಅನ್ನಿಸುತ್ತದೆ. ಕಾರಣ, ಪ್ರತಿಯೊಂದು ಹತ್ಯೆಯ ಮರುದಿನವೂ ನಮ್ಮಲ್ಲಿ ಒಂದು ಬೇಡಿಕೆ ಏಳುತ್ತದೆ: ಇನ್ನೊಂದು ಪಟ್ಟಿ ಮಾಡಿ, ಇನ್ನೊಂದು ನೋಂದಣಿ ತನ್ನಿ ಎಂದು. ಪಟ್ಟಿಗಳ ಚರಿತ್ರೆ ಏನೆಂದು ಯಾರೂ ಕೇಳುವುದಿಲ್ಲ.

ಮೊದಲು ಶಬ್ದಗಳ ಬಗ್ಗೆ ಎರಡು ಮಾತು. ಬಂದೂಕು ಎಂಬುದು ಅರಬ್ಬಿಯ 'ಬುಂದುಕ್' ಶಬ್ದದಿಂದ ಬಂದದ್ದು. ಅದರ ಮೂಲ ಅರ್ಥ ಒಂದು ಜಾತಿಯ ಕಾಯಿ. ಆ ಕಾಯಿಯಂತೆ ಉರುಟಾದ ಗುಂಡಿಗೂ ಅದೇ ಹೆಸರಾಯಿತು, ಆಮೇಲೆ ಗುಂಡು ಹಾರಿಸುವ ಸಾಧನಕ್ಕೂ ಆಯಿತು. ತುಪಾಕಿ ತುರ್ಕಿಯಿಂದ ಬಂತು. ಕೋವಿ ನಮ್ಮದೇ. ಆದರೆ ಬಂದೂಕಿನ ಸುತ್ತ ಇರುವ ಕಚೇರಿಯ ಮಾತುಗಳನ್ನು ನೋಡಿ: ದಫ್ತರ, ದಾಖಲೆ, ತನಿಖೆ, ಜಪ್ತಿ, ಕಾಯಿದೆ, ರದ್ದು. ಎಲ್ಲವೂ ಅರಬ್ಬಿ-ಫಾರ್ಸಿಯಿಂದ ಬಂದು ಕನ್ನಡದ ಮನೆಯಲ್ಲಿ ಉಳಿದುಕೊಂಡವು. ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕೂತು ಬಂದ ನಮ್ಮಂಥವರಿಗೆ ಪೊಲೀಸ್ ಠಾಣೆಯ ಕನ್ನಡ ಎರಡು ಸಲ ಕೇಳಿದ ಪಾಠದ ಹಾಗೆ. ಕಲಬುರ್ಗಿಯವರಿಗೆ ಈ ಸಂಗತಿ ಚೆನ್ನಾಗಿ ಗೊತ್ತಿತ್ತು. ವಚನ ಸಾಹಿತ್ಯದ ವಿದ್ವಾಂಸರೆಂದೇ ಅವರನ್ನು ನಾಡು ಬಲ್ಲದು. ಬಿಜಾಪುರದ ಆದಿಲಶಾಹಿ ಕಾಲದ ಫಾರ್ಸಿ, ದಖನಿ ಸಾಹಿತ್ಯವನ್ನು ಕನ್ನಡಕ್ಕೆ ತರಿಸುವ ಯೋಜನೆಯಲ್ಲಿ ಅವರು ಮುಖ್ಯರಾಗಿದ್ದರು ಎಂಬುದು ಅಷ್ಟು ಪ್ರಚಾರಕ್ಕೆ ಬರಲಿಲ್ಲ.

ನಮ್ಮ ಕೆರೆಬಿಳಚಿ ಇರುವ ಚನ್ನಗಿರಿ ಸೀಮೆಗೂ ಬಂದೂಕಿಗೂ ಹಳೆಯ ನಂಟಿದೆ. ಟಿಪ್ಪು ಸುಲ್ತಾನರ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲೂ ಬಿದನೂರು ನಗರದಲ್ಲೂ ಆಯುಧ ತಯಾರಿ ನಡೆಯುತ್ತಿತ್ತು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳು ಬಾವಿಯೊಂದರಲ್ಲಿ ಆ ಕಾಲದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಟಿಪ್ಪುವಿನ ಅನೇಕ ಬಂದೂಕುಗಳ ಮೇಲೆ ಹುಲಿಯ ಪಟ್ಟೆ ಇದೆ, ಹುಲಿಮುಖದ ಆಕಾರದಲ್ಲಿ ಬರೆದ ಅರಬ್ಬಿ ಮುದ್ರೆ ಇದೆ, ಮಾಡಿದ ಊರು ಮತ್ತು ವರ್ಷದ ಗುರುತೂ ಇದೆ. ಇವತ್ತು ಲಂಡನ್ನಿನ ಹರಾಜಿನಲ್ಲಿ ಅವು ಕಾಣಿಸಿಕೊಂಡಾಗ ಪರಿಣತರು ಈ ಮುದ್ರೆ ನೋಡಿಯೇ ಅಸಲು-ನಕಲು ಹೇಳುತ್ತಾರೆ. ಮಾಡಿದವನು ಬಂದೂಕಿಗೆ ಹಾಕಿದ ಗುರುತು ಅದು. ಬಂದೂಕು ತಾನು ಹಾರಿಸಿದ ಗುಂಡಿನ ಮೇಲೆ ಹಾಕುವ ಗುರುತು ಬೇರೆ, ಅದು ಯಾರ ಅಪ್ಪಣೆಯನ್ನೂ ಕೇಳದೆ ಬೀಳುತ್ತದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಸೆರೆಯಿಂದ ತಪ್ಪಿಸಿಕೊಂಡ ಧೋಂಡಿಯಾ ವಾಘ್ ಇದೇ ಚನ್ನಗಿರಿಯಲ್ಲಿ ಹುಟ್ಟಿದವನು. ಟಿಪ್ಪುವಿನ ಕಾಲದಲ್ಲಿ ಇಸ್ಲಾಮಿಗೆ ಬಂದವನೆಂದು ಹೇಳುತ್ತಾರೆ. ಸುಲ್ತಾನನ ಸೈನ್ಯ ಚದುರಿ, ಕೈಯಲ್ಲಿ ಬಂದೂಕು ಇದ್ದು ಹೊಟ್ಟೆಗೆ ಇಲ್ಲದ ಸಿಪಾಯಿಗಳು ಅವನ ಹಿಂದೆ ನೆರೆದರು. ಶಿವಮೊಗ್ಗ-ಬಿದನೂರು ಸೀಮೆಯಲ್ಲಿ ಅವನು ಕುಂಪಣಿಗೆ ಒಂದು ವರ್ಷಕ್ಕೂ ಮೇಲೆ ನಿದ್ದೆ ಕೊಡಲಿಲ್ಲ. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯದ ಕೈಯಲ್ಲಿ ಸತ್ತ. ಅವನ ಚಿಕ್ಕ ಮಗನನ್ನು ವೆಲ್ಲೆಸ್ಲಿಯೇ ಸಾಕಿಸಿದ ಎಂಬುದು ಕಥೆಗಾರರಿಗೆ ಆಸೆ ಹುಟ್ಟಿಸುವ ಸಂಗತಿ, ಇರಲಿ. ಅಂಥ ಸಿಪಾಯಿಗಳ ಬಂದೂಕುಗಳಿಗೆ ಆಗ ಪಟ್ಟಿ ಇರಲಿಲ್ಲ. ಪಟ್ಟಿ ಬಂದದ್ದು 1857ರಲ್ಲಿ.

ಸಿಪಾಯಿಗಳ ದಂಗೆ ಎದ್ದ ಆ ವರ್ಷ ಕುಂಪಣಿ ಸರಕಾರ 28ನೇ ಕಾಯಿದೆಯನ್ನು ತಂದಿತು. ಆಯುಧ ಇಟ್ಟುಕೊಳ್ಳಲು ಪರವಾನಗಿ ಬೇಕು, ಇಲ್ಲವಾದರೆ ತಂದು ಒಪ್ಪಿಸಬೇಕು. ಕನ್ನಡ ನಾಡಿನಲ್ಲಿ ಇದಕ್ಕೆ ಸಿಕ್ಕ ಮೊದಲ ದೊಡ್ಡ ಉತ್ತರ ಮುಧೋಳ ಸಂಸ್ಥಾನದ ಹಲಗಲಿಯಿಂದ ಬಂತು. ಹಲಗಲಿಯ ಬೇಡರು ಬೇಟೆಯಿಂದಲೂ ಕಾವಲಿನಿಂದಲೂ ಬದುಕುವವರು. ಅವರಿಗೆ ಕೈದು ಎಂದರೆ ಒಕ್ಕಲಿಗನಿಗೆ ನೇಗಿಲು ಇದ್ದಹಾಗೆ. ಜಡಗ, ಬಾಲ ಮುಂತಾದವರ ಮುಂದಾಳುತನದಲ್ಲಿ ಅವರು ಕೊಡೆವು ಎಂದರು. 1857ರ ನವೆಂಬರ್ ಕೊನೆಯಲ್ಲಿ ಕುಂಪಣಿಯ ದಂಡು ಬಂದು ಊರಿಗೆ ಬೆಂಕಿ ಹಾಕಿತು. ಸುಮಾರು ನೂರು ಜನ ಸತ್ತರು. ಸೆರೆಸಿಕ್ಕವರಲ್ಲಿ 13 ಮಂದಿಯನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ, 6 ಮಂದಿಯನ್ನು ಡಿಸೆಂಬರ್ 14ರಂದು ಹಲಗಲಿಯಲ್ಲೇ ಗಲ್ಲಿಗೇರಿಸಿದರು. ಎರಡು ದಿನವೂ ಸಂತೆಯ ದಿನವೆಂದು ಹೇಳುತ್ತಾರೆ. ನಾಲ್ಕು ಊರಿನ ಜನ ನೋಡಲಿ ಎಂದು.

ಈ ಕಥೆ ಲಾವಣಿಯಾಗಿ ಉಳಿಯಿತು. ಜೆ.ಎಫ್. ಫ್ಲೀಟ್ ಎಂಬ ಆಂಗ್ಲ ಅಧಿಕಾರಿಯೇ ಅದನ್ನು ಸಂಗ್ರಹಿಸಿದ, ಶಾಲೆಯ ಪಠ್ಯಕ್ಕೂ ಬಂತು. ಮಕ್ಕಳು ಅದನ್ನು ಶೌರ್ಯದ ಪದವೆಂದು ಓದುತ್ತಾರೆ. ಹೌದು, ಶೌರ್ಯವೇ. ಆದರೆ ಅದು ಒಂದು ನೋಂದಣಿ ಕಾಯಿದೆಯ ಕಥೆ ಕೂಡ. ಮರುವರ್ಷ, 1858ರಲ್ಲಿ, ನರಗುಂದದ ಬಾಬಾಸಾಹೇಬನೂ ಮುಂಡರಗಿಯ ಭೀಮರಾಯನೂ ಎದ್ದಾಗ ಅದರ ಹಿಂದೆಯೂ ಆಯುಧ ಒಪ್ಪಿಸುವ ಮಾತಿನ ಕಹಿ ಸೇರಿತ್ತು. ಯಾರ ಹತ್ತಿರ ಬಂದೂಕು ಇರಬಹುದು ಎಂದು ಪ್ರಭುತ್ವ ಕೇಳಿದಾಗ, ಯಾರನ್ನು ನಂಬಬಹುದು ಎಂಬ ಇನ್ನೊಂದು ಪ್ರಶ್ನೆಗೂ ಅದು ಮೊದಲೇ ಉತ್ತರ ಬರೆದಿಟ್ಟುಕೊಂಡಿರುತ್ತದೆ. ಹಲಗಲಿಯವರಿಗೆ ಬಂದೂಕು ನಿರಾಕರಿಸಿದ ಆಡಳಿತವೇ, ನಾಲ್ಕು ವರ್ಷ ಕಳೆಯುವ ಮೊದಲು, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ, ಕೊಡವರಿಗೆ ಅವರ ನಿಷ್ಠೆಯನ್ನು ಮೆಚ್ಚಿ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ಕೊಟ್ಟಿತು. ಆ ವಿನಾಯಿತಿ ಸ್ವತಂತ್ರ ಭಾರತದಲ್ಲೂ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಕೊಡವರ ಕೈಲ್‌ಮುಹೂರ್ತದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವುದನ್ನು ಕಂಡವರಿಗೆ ಅದರ ಭಾವ ಅರ್ಥವಾಗುತ್ತದೆ. ನಮ್ಮ ತಕರಾರು ಕೊಡವರ ಮೇಲೆ ಅಲ್ಲ. ಒಂದೇ ಕಾಯಿದೆ ಒಂದು ಊರನ್ನು ಸುಟ್ಟು ಇನ್ನೊಂದು ನಾಡನ್ನು ಹೊರಗಿಟ್ಟಿತು ಎಂಬುದನ್ನು ಚರಿತ್ರೆ ಬರೆಯುವವರು ಒಂದೇ ಪುಟದಲ್ಲಿ ಬರೆಯಬೇಕು ಎಂದಷ್ಟೇ.

1878ರಲ್ಲಿ ವೈಸರಾಯ್ ಲಿಟ್ಟನ್ ಕಾಲದಲ್ಲಿ ಇಡೀ ದೇಶಕ್ಕೆ ಆಯುಧ ಕಾಯಿದೆ ಬಂತು. ಯುರೋಪಿಯನ್ನರಿಗೆ ವಿನಾಯಿತಿ, ಭಾರತೀಯರಿಗೆ ಪರವಾನಗಿ. ಇದು ನಮ್ಮ ಹಿರಿಯರನ್ನು ಎಷ್ಟು ಚುಚ್ಚಿತ್ತೆಂದರೆ, ಅಹಿಂಸೆಯ ಗಾಂಧೀಜಿ ಕೂಡ 1930ರಲ್ಲಿ ವೈಸರಾಯ್ ಇರ್ವಿನ್‌ಗೆ ಇಟ್ಟ ಹನ್ನೊಂದು ಬೇಡಿಕೆಗಳಲ್ಲಿ ಆತ್ಮರಕ್ಷಣೆಗೆ ಬಂದೂಕಿನ ಪರವಾನಗಿ ಕೊಡಬೇಕೆಂಬುದನ್ನೂ ಸೇರಿಸಿದ್ದರು. ಆ ಕಾಯಿದೆ ರದ್ದಾದದ್ದು 1959ರ ಹೊಸ ಆಯುಧ ಕಾಯಿದೆಯಿಂದ. ಹೊಸದು ಜಾರಿಗೆ ಬಂದದ್ದು 1962ರ ಅಕ್ಟೋಬರ್ 1ರಂದು. ಜನಾಂಗ ನೋಡಿ ಕೊಡುವ ಪದ್ಧತಿ ಹೋಯಿತು, ಪರವಾನಗಿ ಉಳಿಯಿತು.

ಬಂದೂಕಿನ ಪಟ್ಟಿಯ ಜೊತೆಗೇ ಮನುಷ್ಯರ ಪಟ್ಟಿಯೂ ಬೆಳೆಯಿತು. 1871ರ ಅಪರಾಧಿ ಬುಡಕಟ್ಟು ಕಾಯಿದೆ ಇಡೀ ಸಮುದಾಯಗಳನ್ನು ಹುಟ್ಟು ಅಪರಾಧಿಗಳೆಂದು ರಿಜಿಸ್ಟರಿಗೆ ಹತ್ತಿಸಿತು. ಬಂಜಾರರನ್ನೂ ಕೆಲವು ಕಡೆ ಅದರಲ್ಲಿ ಸೇರಿಸಿದ್ದರು. ಸಂತ ಸೇವಾಲಾಲರ ಸೂರಗೊಂಡನಕೊಪ್ಪ ನಮಗೆ ದೂರವೇನಲ್ಲ, ಪಕ್ಕದ ನ್ಯಾಮತಿ ತಾಲ್ಲೂಕಿನಲ್ಲಿದೆ. ಅಲ್ಲಿಗೆ ಲಕ್ಷಗಟ್ಟಲೆ ಬರುವ ಭಕ್ತರ ಅಜ್ಜಂದಿರಲ್ಲಿ ಎಷ್ಟು ಜನ ಠಾಣೆಗೆ ಹೋಗಿ ಹಾಜರಿ ಕೊಟ್ಟು ಬಂದವರೋ. 1952ರ ಆಗಸ್ಟ್ 31ರಂದು ಆ ಕಾಯಿದೆ ರದ್ದಾಯಿತು. ಕಾಯಿದೆ ಹೋದರೂ ಠಾಣೆಯವರ ಮನಸ್ಸಿನ ರಿಜಿಸ್ಟರ್ ಬೇಗ ಹೋಗಲಿಲ್ಲ. ಇದನ್ನು ಮುಸ್ಲಿಂ ಓದುಗರಿಗೆ ನಾವು ವಿವರಿಸಿ ಹೇಳಬೇಕಾಗಿಲ್ಲ.

ಬೆರಳ ಗುರುತಿನ ದಫ್ತರ 1897ರಲ್ಲಿ ಕಲ್ಕತ್ತದಲ್ಲಿ ತೆರೆಯಿತು, ಜಗತ್ತಿನಲ್ಲೇ ಮೊದಲನೆಯದು. ಸಾವಿರಾರು ಗುರುತುಗಳ ನಡುವೆ ಒಂದನ್ನು ಥಟ್ಟನೆ ಹುಡುಕಿ ತೆಗೆಯುವ ಲೆಕ್ಕಾಚಾರವನ್ನು ಹೂಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ನೌಕರರು. ಹೆಸರು ಬಂದದ್ದು ಮೇಲಧಿಕಾರಿ ಎಡ್ವರ್ಡ್ ಹೆನ್ರಿಗೆ. ಹಕ್ ಅವರಿಗೆ ಖಾನ್ ಬಹಾದ್ದೂರ್ ಬಿರುದು ಸಿಕ್ಕಿತು. ಪದ್ಧತಿಗೆ ಇಂದಿಗೂ ಹೆನ್ರಿ ಪದ್ಧತಿ ಎಂದೇ ಹೆಸರು. ಆ ದಫ್ತರ ಗೆದ್ದದ್ದಕ್ಕೆ ಕಾರಣವಿದೆ. ಬೆರಳಿನ ಗೆರೆಗಳು ಸಾಯುವತನಕ ಬದಲಾಗುವುದಿಲ್ಲ. ಮುಂದೆ ಬಂದೂಕಿನ ದಫ್ತರ ತೆರೆದವರು ಬಂದೂಕಿಗೂ ಅಂಥದೇ ಬೆರಳು ಇದೆ ಎಂದು ನಂಬಿದರು.

ಬಂದೂಕು ಗುರುತು ಬಿಡುತ್ತದೆ ಎಂಬುದೇನೋ ನಿಜ. 1835ರಲ್ಲಿ ಲಂಡನ್ನಿನ ಬೋ ಸ್ಟ್ರೀಟ್ ಪೊಲೀಸಿನ ಹೆನ್ರಿ ಗೊಡಾರ್ಡ್ ಒಂದು ಕಳ್ಳತನದ ದೂರನ್ನು ನೋಡಲು ಹೋಗಿದ್ದ. ಮನೆಯ ಬಟ್ಲರ್, ಕಳ್ಳರು ತನ್ನ ಮೇಲೆ ಗುಂಡು ಹಾರಿಸಿದರೆಂದು ಹೇಳಿದ. ಗುಂಡಿನ ಮೇಲೆ ಒಂದು ಸಣ್ಣ ಗಂಟು ಇತ್ತು. ಬಟ್ಲರನ ಪೆಟ್ಟಿಗೆಯಲ್ಲಿದ್ದ ಸೀಸ ಎರೆಯುವ ಅಚ್ಚಿನಲ್ಲಿ ಅದಕ್ಕೆ ಸರಿಯಾದ ಕುಳಿ ಸಿಕ್ಕಿತು. ಗುಂಡು ಅವನದೇ, ಕಳ್ಳತನ ಸುಳ್ಳು. ಇನ್ನೊಬ್ಬ ಗೊಡಾರ್ಡ್, ಅಮೆರಿಕದ ಕ್ಯಾಲ್ವಿನ್ ಗೊಡಾರ್ಡ್, 1925ರ ಸುಮಾರಿಗೆ ಸಂಗಡಿಗರೊಡನೆ ಎರಡು ಗುಂಡುಗಳನ್ನು ಒಂದೇ ಕಣ್ಣಿಗೆ ಪಕ್ಕಪಕ್ಕ ತೋರಿಸುವ ಸೂಕ್ಷ್ಮದರ್ಶಕವನ್ನು ಈ ಕೆಲಸಕ್ಕೆ ಹಚ್ಚಿದ. 1929ರಲ್ಲಿ ಶಿಕಾಗೋದಲ್ಲಿ ಏಳು ಜನರ ಕೊಲೆಯಾದಾಗ, ಕೊಂದದ್ದು ಯಾವ ಬಂದೂಕು ಎಂದು ಅದರಿಂದ ಹೇಳಿದ.

ಕೆಲಸ ನಡೆಯುವುದು ಹೀಗೆ. ಪಿಸ್ತೂಲಿನ ನಳಿಗೆಯ ಒಳಗೆ ಸುರುಳಿಯಾಗಿ ಗಾಡಿ ಕೊರೆದಿರುತ್ತಾರೆ. ಗುಂಡು ತಿರುಗುತ್ತ ನೆಟ್ಟಗೆ ಹೋಗಲಿ ಎಂದು. ಹೊರಗೆ ಬರುವ ಗುಂಡಿನ ಮೈಮೇಲೆ ಆ ಗಾಡಿಗಳ ಗೀರು ಬೀಳುತ್ತದೆ. ತೋಟೆಯ ಬುಡಕ್ಕೆ ಹೊಡೆಯುವ ಸೂಜಿ ಒಂದು ಕುಳಿ ಮಾಡುತ್ತದೆ. ಸ್ಫೋಟದ ಒತ್ತಡಕ್ಕೆ ತೋಟೆ ಹಿಂದಕ್ಕೆ ಬಡಿದು ಹಿಂಬದಿಯ ಉಕ್ಕಿನ ಒರಟುತನವನ್ನು ಮುದ್ರೆಯಾಗಿ ಹೊತ್ತು ಬರುತ್ತದೆ. ಹೊರಗೆ ಎಸೆಯುವ ಕೊಕ್ಕೆ ಮತ್ತೊಂದು ಗುರುತು ಹಾಕುತ್ತದೆ. ಗಾಡಿಗಳೆಷ್ಟು, ಎಡಕ್ಕೋ ಬಲಕ್ಕೋ ಎಂಬುದು ಆ ಜಾತಿಯ ಬಂದೂಕುಗಳಿಗೆಲ್ಲ ಒಂದೇ. ಸಣ್ಣ ಸಣ್ಣ ಗೀರುಗಳು ಮಾತ್ರ ಆ ಒಂದು ಬಂದೂಕಿನವು. ಪರಿಣತನ ಕೆಲಸ ಈ ಎರಡನ್ನು ಬೇರ್ಪಡಿಸುವುದು. ಕಂಪ್ಯೂಟರು ಅದನ್ನು ಮಾಡಲಾರದು. ಸಾಮ್ಯ ಇರುವ ಕೆಲವನ್ನು ಆರಿಸಿ ಮುಂದಿಡುತ್ತದೆ, ಹೌದು-ಅಲ್ಲ ಎನ್ನಬೇಕಾದವರು ಮನುಷ್ಯರೇ.

ಇನ್ನು ಮೇರಿಲ್ಯಾಂಡಿನ ತೊಡಕು ನೋಡಿ. ಒಂದೇ ಕಾರ್ಖಾನೆಯಿಂದ ಸಾಲಾಗಿ ಬಂದ ಹೊಸ ಪಿಸ್ತೂಲುಗಳು ಅಣ್ಣತಮ್ಮಂದಿರಂತೆ ಇರುತ್ತವೆ. ದಫ್ತರ ದೊಡ್ಡದಾದಷ್ಟೂ ಹೋಲುವವು ಹೆಚ್ಚುತ್ತವೆ, ಅಸಲಿಯು ಅವುಗಳ ಹಿಂದೆ ಅಡಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಇಂಥದೇ ದಫ್ತರ ತೆರೆಯುವ ಮೊದಲು ಹೆದ್ದಾರಿ ಪೊಲೀಸರ ಸುಮಾರು 790 ಪಿಸ್ತೂಲುಗಳನ್ನು ಹಾರಿಸಿ ಪರೀಕ್ಷೆ ಮಾಡಿದರು. ದಫ್ತರಕ್ಕೆ ಕೊಟ್ಟ ತೋಟೆ ಒಂದು ಕಂಪನಿಯದು, ಆಮೇಲೆ ಹಾರಿಸಿದ್ದು ಇನ್ನೊಂದು ಕಂಪನಿಯದು ಆದರೆ ಕಂಪ್ಯೂಟರು ಬಹಳ ಸಲ ಸೋತಿತು. ಬಂದೂಕು ಸವೆಯುತ್ತದೆ ಕೂಡ. ನಳಿಗೆ ಬದಲಾಯಿಸಬಹುದು, ಸೂಜಿಗೆ ಅರ ಹಾಕಬಹುದು. ಮತ್ತೆ, ಅಂಗಡಿಯಲ್ಲಿ ಕೊಂಡ ಬಂದೂಕು ಅಪರಾಧಿಯ ಕೈಗೆ ಬರುವ ಹೊತ್ತಿಗೆ ವರ್ಷಗಳು ಕಳೆದು ಎರಡು-ಮೂರು ಕೈ ದಾಟಿರುತ್ತದೆ. ಪಕ್ಕದ ರಾಜ್ಯದಿಂದ ಬಂದದ್ದಾದರೆ ದಫ್ತರದಲ್ಲಿ ಇರುವುದೇ ಇಲ್ಲ. 2002ರ ಅಕ್ಟೋಬರಿನಲ್ಲಿ ಇದೇ ಮೇರಿಲ್ಯಾಂಡ್ ಮತ್ತು ವಾಷಿಂಗ್ಟನ್ ಸುತ್ತ ಹತ್ತು ಜನರನ್ನು ಮರೆಯಿಂದ ಗುಂಡಿಟ್ಟು ಕೊಂದಾಗ ದಫ್ತರ ಸುಮ್ಮನೆ ಕೂತಿತ್ತು. ಕೊಂದದ್ದು ರೈಫಲ್, ದಫ್ತರ ಇದ್ದದ್ದು ಕೈಬಂದೂಕುಗಳಿಗೆ.

ಇದೆಲ್ಲ ತಿಳಿಯದೆ ಇರಲಿಲ್ಲ. 2007ರಲ್ಲಿಯೇ ಅಲ್ಲಿನ ಪೊಲೀಸರು ಚಿತ್ರ ತೆಗೆಯುವುದನ್ನು ನಿಲ್ಲಿಸಿದ್ದರು. ಆದರೂ ಕಾನೂನು ಇದ್ದ ಕಾರಣ ಲಕೋಟೆಗಳು ಬರುತ್ತಲೇ ಇದ್ದವು. ಪೈಕ್ಸ್‌ವಿಲ್ ಎಂಬಲ್ಲಿ ಪೊಲೀಸ್ ಮುಖ್ಯಕಚೇರಿಯ ನೆಲಮಾಳಿಗೆಯಲ್ಲಿ, ಹಿಂದೆ ಅಣುಬಾಂಬಿನ ಭಯಕ್ಕೆ ಕಟ್ಟಿದ ಕೋಣೆಯಲ್ಲಿ, ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಬೆಳೆಯಿತು. ಎಂಟು ವರ್ಷ ಯಾರೂ ನೋಡದ ತೋಟೆಗಳನ್ನು ಸರಕಾರ ಜಮೆ ಮಾಡಿತು! ಲೆಕ್ಕ ತೆಗೆದಾಗ ಹೊಂದಾಣಿಕೆ ಸಿಕ್ಕದ್ದು 26 ಪ್ರಕರಣಗಳಲ್ಲಿ, ಅವುಗಳಲ್ಲೂ ತನಿಖೆಯವರಿಗೆ ಬೇರೆ ದಾರಿಯಿಂದ ಮೊದಲೇ ತಿಳಿಯದಿದ್ದ ಸಂಗತಿ ಏನೂ ಸಿಕ್ಕಿರಲಿಲ್ಲ. ನ್ಯೂಯಾರ್ಕ್ ರಾಜ್ಯ 2001ರಲ್ಲಿ ಆರಂಭಿಸಿದ ಇಂಥದೇ ದಫ್ತರಕ್ಕೆ ಕೋಟಿಗಟ್ಟಲೆ ಡಾಲರ್ ಸುರಿದು, ಎರಡೇ ಎರಡು ಹೊಂದಾಣಿಕೆ ಕಂಡು, 2012ರಲ್ಲಿ ಹಣ ನಿಲ್ಲಿಸಿತ್ತು. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2008ರಲ್ಲಿ, ದೇಶದ ಎಲ್ಲ ಹೊಸ ಬಂದೂಕುಗಳ ಇಂಥ ದಫ್ತರ ಬೇಡ ಎಂದು ವರದಿ ಕೊಟ್ಟಿತ್ತು.

ರದ್ದತಿಗೆ ಬಂದೂಕು ವ್ಯಾಪಾರಿಗಳು ಖುಷಿಪಟ್ಟರು, ಅದು ಸಹಜ. ಹಾಗೆಂದು ಇದನ್ನು ಬಂದೂಕು ಲಾಬಿಯ ಗೆಲುವು ಎಂದು ಬರೆದು ಕೈತೊಳೆದುಕೊಳ್ಳುವಂತಿಲ್ಲ. ರದ್ದು ಮಾಡಿದ ಶಾಸನಸಭೆಯಲ್ಲಿ ಬಹುಮತ ಇದ್ದದ್ದು ಬಂದೂಕು ನಿಯಂತ್ರಣದ ಪರವಾಗಿರುವ ಡೆಮಾಕ್ರಟಿಕ್ ಪಕ್ಷಕ್ಕೆ. ಉಳಿಸಬೇಕೆಂದವರ ವಾದದಲ್ಲೂ ಹುರುಳಿತ್ತು: ಬಂದೂಕಿಗೆ ಆಯಸ್ಸು ಹೆಚ್ಚು, ಇಂದು ಇಟ್ಟ ತೋಟೆ ಇಪ್ಪತ್ತು ವರ್ಷದ ಮೇಲೆ ಮಾತಾಡೀತು, ಕಾಯಿರಿ ಎಂದು. ಕಾಯಬಹುದಿತ್ತು, ಯಾರಾದರೂ ಆ ಪೆಟ್ಟಿಗೆಗಳನ್ನು ತೆರೆದು ನೋಡುತ್ತಿದ್ದರೆ.

ಈಗ ಧಾರವಾಡಕ್ಕೆ ಬರೋಣ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ, ಮನೆಯ ಗೇಟು ತೆರೆಯುತ್ತಿದ್ದ ಗೌರಿ ಲಂಕೇಶರನ್ನು ಗುಂಡಿಟ್ಟು ಕೊಂದರು. ಗೌರಿಯ ತಂದೆ ಪಿ. ಲಂಕೇಶ್ ನಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯವರು. ಬಾಬಾಬುಡನ್‌ಗಿರಿಯ ವಿಷಯದಲ್ಲಿ, ಕೋಮು ಸೌಹಾರ್ದ ವೇದಿಕೆಯಲ್ಲಿ ಗೌರಿ ನಿಂತ ನಿಲುವು ಈ ಪತ್ರಿಕೆಯ ಓದುಗರಿಗೆ ಗೊತ್ತಿರುವಂಥದೇ. ವಿಶೇಷ ತನಿಖಾ ತಂಡ ರಚನೆಯಾಯಿತು. ಸ್ಥಳದಲ್ಲಿ ಸಿಕ್ಕ ಗುಂಡು-ತೋಟೆಗಳು ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋದವು. 2018ರ ಮೇ 30ರಂದು ಸಲ್ಲಿಸಿದ ಮೊದಲ ಆರೋಪಪಟ್ಟಿಯ ಜೊತೆಗಿದ್ದ ವರದಿ ಹೇಳಿತು: ಗೌರಿಯನ್ನು ಕೊಂದದ್ದೂ ಕಲಬುರ್ಗಿಯವರನ್ನು ಕೊಂದದ್ದೂ ಒಂದೇ ಬಂದೂಕು, 7.65 ಎಂ.ಎಂ.ನ ನಾಡಪಿಸ್ತೂಲು.

ಇಲ್ಲಿ ಗಮನಿಸಬೇಕಾದ ಸಂಗತಿ ಇದೆ. ಆ ಪಿಸ್ತೂಲು ಯಾವ ಅಂಗಡಿಯಲ್ಲೂ ಮಾರಾಟವಾದದ್ದಲ್ಲ, ಯಾವ ಪರವಾನಗಿಯ ಪುಸ್ತಕದಲ್ಲೂ ಇಲ್ಲ. ಮೇರಿಲ್ಯಾಂಡಿನಂಥ ದಫ್ತರವನ್ನು ಕರ್ನಾಟಕ ನೂರು ವರ್ಷ ನಡೆಸಿದ್ದರೂ ಅದು ಅಲ್ಲಿ ಸಿಗುತ್ತಿರಲಿಲ್ಲ. ಪಿಸ್ತೂಲೇ ಪರೀಕ್ಷಕರ ಕೈಯಲ್ಲಿರಲಿಲ್ಲ; ಅದನ್ನು ಬಿಚ್ಚಿ ಮುಂಬೈ ಬದಿಯ ಖಾರಿಗೆ ಎಸೆದರೆಂದು ತನಿಖೆಯವರು ಹೇಳಿದರು, ನೀರಿಗಿಳಿಸಿ ಹುಡುಕಿಸಿದರು. ಆದರೂ ಹೊಂದಾಣಿಕೆ ಸಿಕ್ಕಿತು. ಏಕೆಂದರೆ ಧಾರವಾಡದ ತೋಟೆಗಳನ್ನು ಎರಡು ವರ್ಷ ಜೋಪಾನವಾಗಿ ಇಟ್ಟಿದ್ದರು. ಹೋಲಿಸಿದ್ದು ಒಂದು ಕೊಲೆಯ ಗುರುತನ್ನು ಇನ್ನೊಂದು ಕೊಲೆಯ ಗುರುತಿನೊಂದಿಗೆ. ಅಮೆರಿಕದಲ್ಲೂ ಈ ಬಗೆಯ ದಫ್ತರ, ಅಂದರೆ ಅಪರಾಧದ ಸ್ಥಳಗಳಲ್ಲಿ ಸಿಕ್ಕವುಗಳದ್ದು, 1990ರ ದಶಕದಿಂದ ಇದೆ; ಅದನ್ನು ಯಾರೂ ರದ್ದು ಮಾಡಲಿಲ್ಲ. ಹೊಸ ಬಂದೂಕು ಕೊಂಡ ಮೂರು ಲಕ್ಷ ಜನರ ಬೆನ್ನು ಹತ್ತುವುದಕ್ಕೂ ಕೊಲೆ ನಡೆದ ಮನೆಯ ನೆಲದಿಂದ ತನಿಖೆ ಶುರು ಮಾಡುವುದಕ್ಕೂ ಇರುವ ಅಂತರ ಅದು.

ಆದರೆ ಗೀರುಗಳು ಯಾವಾಗಲೂ ಒಂದೇ ಮಾತು ಹೇಳುವುದಿಲ್ಲ. 2013ರ ಆಗಸ್ಟ್ 20ರಂದು ಪುಣೆಯಲ್ಲಿ ಡಾ. ನರೇಂದ್ರ ದಾಭೋಳ್ಕರರ ಕೊಲೆಯಾಯಿತು. 2015ರ ಫೆಬ್ರವರಿ 16ರಂದು ಕೊಲ್ಲಾಪುರದಲ್ಲಿ ಗೋವಿಂದ ಪಾನ್ಸರೆಯವರ ಮೇಲೆ ಗುಂಡು ಹಾರಿತು, ನಾಲ್ಕು ದಿನದ ಮೇಲೆ ಅವರು ತೀರಿಕೊಂಡರು. ದಾಭೋಳ್ಕರ್ ಪ್ರಕರಣದಲ್ಲಿ ಪೊಲೀಸರು ಮೊದಲು, 2014ರ ಜನವರಿಯಲ್ಲಿ, ಇಬ್ಬರು ಆಯುಧ ದಲ್ಲಾಳಿಗಳನ್ನು ಹಿಡಿದರು. ಅವರಿಂದ ಜಪ್ತಿಯಾದ ಪಿಸ್ತೂಲು ಗುಂಡಿಗೆ ಹೊಂದುತ್ತದೆಂದು ಪ್ರಯೋಗಾಲಯ ಹೇಳಿದೆ ಎಂದರು. ಗಡುವಿನೊಳಗೆ ಆರೋಪಪಟ್ಟಿ ಸಲ್ಲಿಕೆಯಾಗಲಿಲ್ಲ, ಇಬ್ಬರಿಗೂ ಜಾಮೀನು ಸಿಕ್ಕಿತು. ಆಮೇಲೆ ಸಿ.ಬಿ.ಐ. ತನಿಖೆ ಪೂರಾ ಬೇರೆ ದಿಕ್ಕಿಗೆ ಹೋಯಿತು. 2024ರ ಮೇ 10ರಂದು ಪುಣೆಯ ನ್ಯಾಯಾಲಯ ಬೇರೆ ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿತು, ಮೂವರನ್ನು ಬಿಡುಗಡೆ ಮಾಡಿತು. ಮೂರು ಕೊಲೆಗಳ ಗುಂಡುಗಳ ಬಗ್ಗೆ ಮುಂಬೈ ಪ್ರಯೋಗಾಲಯಕ್ಕೂ ಬೆಂಗಳೂರಿನದಕ್ಕೂ ಅಭಿಪ್ರಾಯ ಹೊಂದಲಿಲ್ಲವೆಂದು, ಮೂರನೆಯವರ ಮಾತು ಕೇಳಲು ಸಿ.ಬಿ.ಐ. 2016ರಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿನತ್ತ ನೋಡಿತು. ಎರಡು ದೇಶಗಳ ನಡುವೆ ಅದಕ್ಕೆ ಬೇಕಾದ ಕಾನೂನಿನ ಒಪ್ಪಂದವಿಲ್ಲವೆಂದು ಅದು ಆಗಲಿಲ್ಲ. ಕಡೆಗೆ ಗುಜರಾತಿನ ಪ್ರಯೋಗಾಲಯಕ್ಕೆ ಕಳಿಸಿದರು. ಅಷ್ಟರಲ್ಲಿ ತಿಂಗಳುಗಳು ಹೋದವು. ಬೆಂಗಳೂರಿನಲ್ಲಿ ಗೌರಿ ಆಗ ಇನ್ನೂ ಬದುಕಿದ್ದರು ಎಂಬುದನ್ನು ನೆನೆದರೆ ಈ ಕಾಗದಪತ್ರಗಳ ಓಡಾಟವನ್ನು ತಣ್ಣಗೆ ಬರೆಯುವುದು ಕಷ್ಟವಾಗುತ್ತದೆ.

ದಾಭೋಳ್ಕರ್ ಪ್ರಕರಣದ ಆ ಮೊದಲ ಇಬ್ಬರ ಸ್ಥಾನದಲ್ಲಿ ಬೇರೆ ಹೆಸರಿನವರು ಇದ್ದಿದ್ದರೆ, ಸಂಜೆಯ ಟಿ.ವಿ.ಯಲ್ಲಿ ಗೀರುಗಳ ಹೊಂದಾಣಿಕೆ ಎಷ್ಟು ಖಚಿತವಾಗಿ ಕೇಳಿಸುತ್ತಿತ್ತು! ಪ್ರಯೋಗಾಲಯದ ಅಭಿಪ್ರಾಯ ನ್ಯಾಯಾಲಯದಲ್ಲಿ ವಕೀಲರ ಪ್ರಶ್ನೆಗಳನ್ನು ಎದುರಿಸಿ ನಿಂತರೆ ಮಾತ್ರ ಸಾಕ್ಷ್ಯ. ಗೌರಿ ಪ್ರಕರಣದ ವಿಚಾರಣೆ ಬೆಂಗಳೂರಿನ ವಿಶೇಷ ನ್ಯಾಯಾಲಯದಲ್ಲಿ ಶುರುವಾದದ್ದು 2022ರ ಜುಲೈಯಲ್ಲಿ, ಕೊಲೆ ನಡೆದು ಐದು ವರ್ಷಕ್ಕೆ ಹತ್ತಿರವಾದಾಗ. ಕಲಬುರ್ಗಿ ಪ್ರಕರಣವನ್ನು ಸುಪ್ರೀಂ ಕೋರ್ಟು ಇದೇ ವಿಶೇಷ ತನಿಖಾ ತಂಡಕ್ಕೆ ಒಪ್ಪಿಸಿದ್ದು 2019ರ ಫೆಬ್ರವರಿಯಲ್ಲಿ.

ನಮ್ಮ ದೇಶದಲ್ಲಿ ಗೀರುಗಳ ದಫ್ತರ ಇಲ್ಲದಿದ್ದರೂ ಬಂದೂಕುದಾರರ ದಫ್ತರ ಇದೆ. 2012ರಲ್ಲಿ ಆಯುಧ ಪರವಾನಗಿಗಳ ರಾಷ್ಟ್ರೀಯ ದತ್ತಾಂಶ ಕೋಶ ಬಂತು; ಪ್ರತಿ ಪರವಾನಗಿದಾರನಿಗೆ ಒಂದು ವಿಶಿಷ್ಟ ಸಂಖ್ಯೆ. ಹಳೆಯ ಕೈಬರಹದ ಪುಸ್ತಕಗಳನ್ನು ಅದಕ್ಕೆ ಏರಿಸುವ ಗಡುವು ಹಲವು ಸಲ ಮುಂದಕ್ಕೆ ಹೋಯಿತು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು.

ನಮ್ಮ ಕೆರೆಬಿಳಚಿಯ ಕಡೆ, ಸೂಳೆಕೆರೆಯ ಸುತ್ತಿನ ಅಡಿಕೆ ತೋಟ, ಮೆಕ್ಕೆಜೋಳದ ಹೊಲಗಳಲ್ಲಿ, ಪರವಾನಗಿ ಪಡೆಯುವುದು ಬೆಳೆ ರಕ್ಷಣೆಗೆ. ಹಂದಿ ಬಂತೆಂದರೆ ಒಂದು ರಾತ್ರಿಗೆ ಅರ್ಧ ಎಕರೆ ಜೋಳ ಹೋಗುತ್ತದೆ. ಗುಂಡು ಹೊಡೆದು ಕೊಲ್ಲಲು ಕಾನೂನಿಲ್ಲ, ಸದ್ದಿಗೆ ಹೆದರಿ ಓಡಲಿ ಎಂದಷ್ಟೇ. ಇಂಥ ಬಂದೂಕುಗಳಲ್ಲಿ ಬಹಳಷ್ಟು ಒಂಟಿ ನಳಿಗೆಯವು, ಕೆಲವು ಬಾಯಿಂದ ಮದ್ದು ತುಂಬುವ ಕೇಪಿನವು. ನಳಿಗೆಯ ಒಳಗೆ ಗಾಡಿಯೇ ಇಲ್ಲ, ನುಣುಪು. ಹಾರುವುದು ಚರೆ, ಚರೆಯ ಮೇಲೆ ಗೀರು ಓದಲು ಬರುವುದಿಲ್ಲ. ಕೇಪಿನ ಬಂದೂಕಿಗೆ ತೋಟೆಯೇ ಇಲ್ಲ. ಚುನಾವಣೆ ಘೋಷಣೆಯಾದೊಡನೆ ಇವನ್ನೆಲ್ಲ ಠಾಣೆಗೆ ಒಪ್ಪಿಸಬೇಕೆಂಬ ಹುಕುಂ ಬರುತ್ತದೆ. ರೈತರು ಬಂದೂಕನ್ನು ಗೋಣಿಚೀಲದಲ್ಲೋ ಹಳೆಯ ಪಂಚೆಯಲ್ಲೋ ಸುತ್ತಿ, ಬಸ್ಸಿಗೆ ಹತ್ತಿಸಿಕೊಳ್ಳುವುದಿಲ್ಲವೆಂದು ಬೈಕಿನ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಹೋಗಿ ಕೊಟ್ಟು, ರಸೀದಿ ತರುತ್ತಾರೆ. ಎಣಿಕೆ ಮುಗಿದು ಸರಕಾರ ಬಂದ ಮೇಲೆ ರಸೀದಿ ತೋರಿಸಿ ಬಿಡಿಸಿಕೊಂಡು ಬರಬೇಕು. ಅಷ್ಟು ದಿನ ಹೊಲದ ಅಟ್ಟಣಿಗೆಯ ಮೇಲೆ ಕೂತು ತಗಡಿನ ಡಬ್ಬ ಬಡಿಯುತ್ತಾರೆ.